ಪಾಪ ಅನ್ನುವ ಮಾತು, ಓಡಿಸಿ ಅನ್ನುವ ಮಾತು

ಆನ್‌ಲೈನ್ ಗುಂಪಿನ ಅಡ್ಮಿನ್ ಆಗಿ ಸಲಿಂಗಕಾಮದ ಬಗ್ಗೆ ಚರ್ಚೆ ನಡೆಸುವಾಗ ಧರ್ಮದ ಹೆಸರಿನಲ್ಲಿ ಆಕ್ಷೇಪ ಬಂದರೆ, ನಾನು ಮೊದಲು ಆ ಬರಹವನ್ನು ವಾಕ್ಯ ವಾಕ್ಯವಾಗಿ ಬಿಡಿಸಿಕೊಳ್ಳುತ್ತೇನೆ. ಬರೆದವರು ಯಾರು ಅನ್ನುವುದು ಆಮೇಲಿನ ಮಾತು. "ನಮ್ಮ ಗ್ರಂಥದ ಪ್ರಕಾರ ಇದು ಪಾಪ", "ಇದೊಂದು ರೋಗ", "ಇದು ಕಾನೂನುಬಾಹಿರ", "ಇಂಥವರನ್ನು ಓಡಿಸಬೇಕು" – ಇವು ನಾಲ್ಕೂ ಒಂದೇ ಕಮೆಂಟಿನಲ್ಲಿ ಕಲಸಿಕೊಂಡು ಬರುವುದುಂಟು. ನಾಲ್ಕಕ್ಕೂ ಒಂದೇ ಉತ್ತರ ಕೊಡಲು ಹೋದರೆ ಜಗಳವೇ ಗತಿ.

ಪಾಪ ಅನ್ನುವುದು ನಂಬಿಕೆಯ ಮಾತು. ಅದನ್ನು ಅಳಿಸುವುದಿಲ್ಲ. ವಿಜ್ಞಾನದಿಂದ ಅದಕ್ಕೆ ಉತ್ತರಿಸುವುದೂ ಇಲ್ಲ. ಪಾಪವನ್ನು ಅಳೆಯುವ ಪ್ರಯೋಗಾಲಯ ಎಲ್ಲೂ ಇಲ್ಲ. ಯಾವ ವಚನ, ಅದರ ಹಿಂದೆ ಮುಂದೆ ಏನಿದೆ, ಅದೇ ಧರ್ಮದೊಳಗೆ ಬೇರೆ ವ್ಯಾಖ್ಯಾನಗಳಿವೆಯೇ ಎಂದಷ್ಟೇ ಕೇಳುತ್ತೇನೆ. ಗಂಡಸು ಗಂಡಸಿನೊಂದಿಗೆ ಮಲಗಬಾರದೆಂಬ ಬೈಬಲಿನ ಯಾಜಕಕಾಂಡ 18:22ನ್ನು ಯಾರಾದರೂ ಎತ್ತಿದ ಕೂಡಲೇ, ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬಾರದೆಂಬ 19:19 ತೋರಿಸಿ ಅಣಕಿಸುವವರು ಬಹಳ. ಇದು ಸವಕಲು ಬಾಣ. ಅದು ಆಚಾರದ ನಿಯಮ, ಇದು ನೀತಿಯದು ಎಂಬ ಉತ್ತರ ಆಸ್ತಿಕರಲ್ಲಿ ಸಿದ್ಧವಾಗಿಯೇ ಇರುತ್ತದೆ. ಬೆನ್ನಿಗೇ ಸಲಿಂಗ ಸಂಬಂಧವನ್ನು ಖಂಡಿಸುವ, ಹೊಸ ಒಡಂಬಡಿಕೆಯ ರೋಮಾಪುರದವರಿಗೆ ಬರೆದ ಪತ್ರಿಕೆಯ 1:26–27 ಬರುತ್ತದೆ.

ರೋಗ ಅನ್ನುವುದಕ್ಕೆ ದಾಖಲೆಯೇ ಉತ್ತರ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆದವು. ಚಿಕಿತ್ಸೆಯಿಂದ ಬದಲಾಗುತ್ತದೆ ಎನ್ನಲು ಬಳಸುವ, ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರ ಅಧ್ಯಯನದ ಬಗ್ಗೆ 2012ರಲ್ಲಿ ಅವರೇ ಕ್ಷಮೆ ಕೇಳಿದ್ದಾರೆ. ಎರಡು ಸಾಲು ಬರೆದು ನಿಲ್ಲಿಸುತ್ತೇನೆ. ಕಾನೂನಿನ ಮಾತು ಬಂದರೆ ಯಾವ ದೇಶದ್ದು ಎಂದು ಕೇಳುವುದೇ ಮೊದಲ ಕೆಲಸ. ಭಾರತದ ವಿಷಯದಲ್ಲಂತೂ ಎರಡೂ ಕಡೆಯವರು ಎಡವುತ್ತಾರೆ: ವಯಸ್ಕರ ಸಮ್ಮತಿಯ ಸಂಬಂಧ ಸುಪ್ರೀಂ ಕೋರ್ಟಿನ 2018ರ ತೀರ್ಪಿನಿಂದ ಅಪರಾಧವಲ್ಲ, ಆದರೆ 2023ರ ತೀರ್ಪು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ.

ಕಷ್ಟ ಇರುವುದು ನಾಲ್ಕನೆಯದರಲ್ಲಿ, ಓಡಿಸಬೇಕು ಅನ್ನುವುದರಲ್ಲಿ. ದ್ವೇಷ ಕೆರಳಿಸುವ ಮಾತನ್ನು ಅಳೆಯಲು ವಿಶ್ವಸಂಸ್ಥೆಯ ರಬಾತ್ ಕಾರ್ಯಯೋಜನೆ ಆರು ಅಂಶ ನೋಡಲು ಹೇಳುತ್ತದೆ: ಸಂದರ್ಭ, ಮಾತನಾಡಿದವರ ಸ್ಥಾನ, ಉದ್ದೇಶ, ಮಾತಿನ ಹುರುಳು ಮತ್ತು ರೂಪ, ಅದು ಎಷ್ಟು ಜನರಿಗೆ ತಲುಪುತ್ತದೆ, ಹಾನಿ ಆಗುವ ಸಂಭವ. ಅದು ಕ್ರಿಮಿನಲ್ ಶಿಕ್ಷೆಗೆ ಇಟ್ಟ ಎತ್ತರದ ಅಳತೆ. ಕಮೆಂಟ್ ತೆಗೆಯಲು ಅಷ್ಟು ಬೇಕಿಲ್ಲ, ಆದರೂ ಪ್ರಶ್ನೆಗಳು ಇವೇ. ಜೊತೆಗೆ ಸ್ವೀಡನ್ನಿನ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 2003ರ ಪ್ರವಚನದಲ್ಲಿ ಸಲಿಂಗಕಾಮವನ್ನು ಕಟುವಾಗಿ ಹಳಿದ ಪಾದ್ರಿ ಓಕೇ ಗ್ರೀನ್ ಅವರನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಖುಲಾಸೆ ಮಾಡಿತು. ಶಾಲಾ ವಿದ್ಯಾರ್ಥಿಗಳ ಲಾಕರುಗಳಲ್ಲಿ ಸಲಿಂಗಕಾಮವನ್ನು ಹಳಿಯುವ ಕರಪತ್ರ ಹಾಕಿದವರ ಶಿಕ್ಷೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ಆ ಕರಪತ್ರದಲ್ಲಿ ಹಿಂಸೆಗೆ ನೇರ ಕರೆಯೇನೂ ಇರಲಿಲ್ಲ. ಓದುವವರು ಎಳೆಯರು, ಬೇಡವೆನ್ನುವ ಅವಕಾಶ ಅವರಿಗಿರಲಿಲ್ಲ ಎಂಬುದು ತೂಗಿತು. ಹಾಗಾಗಿ ಯಾರಾದರೂ ತನ್ನದೇ ಪ್ರೊಫೈಲ್ ಗೋಡೆಯ ಮೇಲೆ ಬರೆದ ಕಟು ಮಾತನ್ನು ನಾನು ಹಾಗೇ ಬಿಡುತ್ತೇನೆ. ಅದೇ ಸಾಲನ್ನು ಹದಿನಾರರ ಹುಡುಗನ ಇನ್‌ಬಾಕ್ಸಿಗೆ ಹಾಕಿದರೆ ಬಿಡುವುದಿಲ್ಲ.

ತೆಗೆಯುವಾಗ ಯಾವ ವಾಕ್ಯ, ಯಾವ ನಿಯಮದ ಪ್ರಕಾರ ಎಂದು ತಿಳಿಸಿ, ಉಳಿದ ಭಾಗವನ್ನು ಮತ್ತೆ ಹಾಕಲು ಹೇಳುತ್ತೇನೆ. ಕಾರಣ ಕೊಡದೆ ಇಡೀ ಪೋಸ್ಟ್ ಅಳಿಸಿದರೆ ಅದರ ಸ್ಕ್ರೀನ್‌ಶಾಟ್ "ನಮ್ಮ ಧರ್ಮದ ಬಾಯಿ ಕಟ್ಟಿದರು" ಎಂಬ ತಲೆಬರಹದೊಂದಿಗೆ ಓಡಾಡುತ್ತದೆ, ಮೂಲ ಬೈಗುಳ ಮರೆತೇಹೋಗುತ್ತದೆ. ವಾಕ್‌ಸ್ವಾತಂತ್ರ್ಯದ ಸಾಂವಿಧಾನಿಕ ಖಾತರಿ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಅಡ್ಮಿನ್ನನ್ನಲ್ಲ, ನಿಜ. ಅದನ್ನೇ ನೆಪ ಮಾಡಿಕೊಳ್ಳುವ ಅಡ್ಮಿನ್‌ಗಳೂ ಕಡಿಮೆಯೇನಿಲ್ಲ.

"ಇಷ್ಟು ವಿರೋಧಿಸುವ ನೀನೇ ಸಲಿಂಗಿ ಇರಬೇಕು" ಎಂದು ಬೆಂಬಲಿಗರು ಚುಚ್ಚುವ ಮಾತನ್ನೂ ಅಷ್ಟೇ ಬೇಗ ತೆಗೆಯುತ್ತೇನೆ. ಸಲಿಂಗಿ ಅನ್ನುವುದನ್ನೇ ಅದು ಬೈಗುಳವಾಗಿಸುತ್ತದೆ. ಅಕಸ್ಮಾತ್ ನಿಜವಾಗಿದ್ದರೆ, ಆ ವ್ಯಕ್ತಿಯ ಗುಟ್ಟು ಮನೆಯವರ ಮುಂದೆ ರಟ್ಟಾಗುತ್ತದೆ.