ಸೈಜಿಂಗ್ ಡೈ, ಟಾಪ್ ಪಂಚ್: ಕೊಳ್ಳುವ ಮುಂಚೆ ಗನ್ ಅಳೆಯಿರಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಕೆಲವರಿಗೆ ವಾರಕ್ಕೊಮ್ಮೆ ಶೂಟಿಂಗ್ ರೇಂಜಿಗೆ ಹೋಗುವ ಹುಚ್ಚು ಹತ್ತಿದೆ. ಮೊದಲು ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೇಸ್ ಆರಿಸಿಟ್ಟುಕೊಳ್ಳುತ್ತಾರೆ, ಆಮೇಲೆ ಮನೆಯಲ್ಲೇ ಅದಕ್ಕೆ ಮತ್ತೆ ಮದ್ದು, ಬುಲೆಟ್ ತುಂಬುವ ರೀಲೋಡಿಂಗ್ ಶುರುವಾಗುತ್ತದೆ, ಅದಾದ ಮೇಲೆ ಸೀಸ ಕರಗಿಸಿ ಬುಲೆಟ್ ಎರಕ ಹೊಯ್ಯುವ ತನಕ ಬಂದು ನಿಲ್ಲುತ್ತಾರೆ. ಈ ಬರಹ ಅಂಥವರಿಗೆ. ಅಲ್ಲಿ ಸ್ವಂತ ಬಳಕೆಗೆ ಇದನ್ನು ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮದ್ದುಗುಂಡು ಮಾಡಿ ಮಾರುವುದಾದರೆ ಬೇಕು. ನಿಮ್ಮ ರಾಜ್ಯದ ಕಾನೂನು ಒಮ್ಮೆ ನೋಡಿಕೊಳ್ಳಿ. ಊರಿಗೆ ಬಂದಾಗ ಮಾತ್ರ ಇದರ ಯೋಚನೆಯೇ ಬೇಡ. ಭಾರತದಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಎರಕದ ಬುಲೆಟ್ಟನ್ನು ಗನ್ನಿಗೆ ಹೊಂದುವ ದಪ್ಪಕ್ಕೆ ಹಿಂಡುವ ಉಕ್ಕಿನ ಅಚ್ಚಿಗೆ ಸೈಜಿಂಗ್ ಡೈ ಅನ್ನುತ್ತಾರೆ, ಬುಲೆಟ್ಟಿನ ಮೂತಿಯ ಮೇಲೆ ಕೂತು ಅದನ್ನು ಡೈ ಒಳಗೆ ಒತ್ತುವ ಭಾಗ ಟಾಪ್ ಪಂಚ್. ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: "9 ಎಂಎಂಗೆ ಯಾವ ಡೈ ತಗೊಳ್ಳಲಿ?" ಈ ಪ್ರಶ್ನೆಗೆ ಉತ್ತರ ಇರುವುದು ನಿಮ್ಮ ಬ್ಯಾರೆಲ್ಲಿನಲ್ಲಿ, ಅಂಗಡಿಯಲ್ಲಲ್ಲ. ಕಾರ್ಖಾನೆಯ ತಾಮ್ರದ ಜಾಕೆಟ್ ಇರುವ 9 ಎಂಎಂ ಬುಲೆಟ್ 0.355 ಇಂಚು ಇರುತ್ತದೆ. ಅದನ್ನು ನೋಡಿ ಸೀಸದ ಬುಲೆಟ್ಟಿಗೂ 0.355 ಡೈ ತಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಬ್ಯಾರೆಲ್ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿಗೆ ಗ್ರೂವ್ ಅನ್ನುತ್ತಾರೆ. ಸೀಸದ ಬುಲೆಟ್ ಬ್ಯಾರೆಲ್ಲಿನ ಗ್ರೂವ್‌ಗಿಂತ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ದಪ್ಪ ಇರಬೇಕು. ಸಣ್ಣದಾದರೆ ಬುಲೆಟ್ಟಿಗೂ ಬ್ಯಾರೆಲ್ಲಿಗೂ ನಡುವೆ ಬಿಸಿ ಗ್ಯಾಸ್ ನುಗ್ಗಿ ಸೀಸವನ್ನು ಕೊರೆಯುತ್ತದೆ, ಕೊರೆದ ಸೀಸ ಬ್ಯಾರೆಲ್ ಒಳಗೆ ಮೆತ್ತಿಕೊಳ್ಳುತ್ತದೆ, ಗುರಿ ಹಾಳಾಗುತ್ತದೆ, ಆಮೇಲೆ ಬ್ರಷ್ ಹಿಡಿದು ಸಂಜೆಯೆಲ್ಲ ಉಜ್ಜುತ್ತಾ ಕೂರಬೇಕು. ಸೀಸ ಮೆತ್ತಿದ ತಕ್ಷಣ "ಮಿಶ್ರಲೋಹ ಮೆತ್ತಗಾಯ್ತು, ಇನ್ನೂ ಗಟ್ಟಿ ಮಾಡೋಣ" ಅನ್ನುತ್ತಾರೆ. ಬಹಳ ಸಲ ತಪ್ಪು ಗಟ್ಟಿತನದ್ದಲ್ಲ, ಅಳತೆಯದ್ದು.

ಬ್ಯಾರೆಲ್ ಅಳೆಯುವುದು ಕಷ್ಟವೇನಲ್ಲ. ಗನ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬಿಚ್ಚಿ, ಬ್ಯಾರೆಲ್ ಒಳಗೆ ಎಣ್ಣೆ ಸವರಿ. ಗ್ರೂವ್‌ಗಿಂತ ಸ್ವಲ್ಪ ದಪ್ಪ ಇರುವ ಶುದ್ಧ ಸೀಸದ ತುಂಡೊಂದನ್ನು ಮರದ ಸುತ್ತಿಗೆಯಿಂದ ಒಳಗೆ ತಟ್ಟಿ, ಹಿತ್ತಾಳೆ ಸರಳಿನಿಂದ ಮೆಲ್ಲಗೆ ಆಚೆ ತಳ್ಳಿ. ಗಟ್ಟಿ ಮಿಶ್ರಲೋಹ ಬೇಡ, ಅದು ಹೊರಗೆ ಬಂದ ಮೇಲೆ ಚೂರು ಹಿಗ್ಗಿ ಸುಳ್ಳು ಅಳತೆ ತೋರಿಸುತ್ತದೆ. ಹೊರಬಂದ ತುಂಡಿನ ಅತಿ ದಪ್ಪ ಜಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಡಿಜಿಟಲ್ ಕ್ಯಾಲಿಪರ್ ಇದೆ ಅಂತ ಅದರಲ್ಲೇ ಮುಗಿಸಬೇಡಿ. ಇಲ್ಲಿ ಜಗಳ ಇರುವುದೇ ಒಂದು ಥೌನದ್ದು, ಕ್ಯಾಲಿಪರ್‌ನ ತಪ್ಪೇ ಅಷ್ಟಿರುತ್ತದೆ. ಹೆಚ್ಚಿನ ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳಲ್ಲಿ ಐದು ಗ್ರೂವ್ ಇರುತ್ತವೆ, ಅಂದರೆ ಒಂದು ಗ್ರೂವ್‌ನ ಎದುರಿಗೆ ಇನ್ನೊಂದು ಗ್ರೂವ್ ಬರುವುದಿಲ್ಲ, ಹಾಗಾಗಿ ಸಾಮಾನ್ಯ ಮೈಕ್ರೋಮೀಟರ್‌ಗೆ ಅದು ಸಿಗುವುದಿಲ್ಲ. ಅದಕ್ಕೆ ವಿ ಆಕಾರದ ಆನ್ವಿಲ್ ಇರುವ ಮೈಕ್ರೋಮೀಟರ್ ಬೇಕು.

ರಿವಾಲ್ವರ್ ಇದ್ದರೆ ಬ್ಯಾರೆಲ್ ಅಳತೆಯೊಂದೇ ಸಾಲದು. ನಿಜ ಹೇಳಬೇಕೆಂದರೆ ಅಲ್ಲಿ ಬ್ಯಾರೆಲ್‌ಗಿಂತ ಸಿಲಿಂಡರ್‌ನ ಥ್ರೋಟ್ ಮುಖ್ಯ. ಕೇಸ್ ಕೂರುವ ಚೇಂಬರ್ ಮುಗಿದು, ಬುಲೆಟ್ ಆಚೆ ಹೊರಡುವ ಮುಂಭಾಗದ ತೂತಿಗೆ ಥ್ರೋಟ್ ಅನ್ನುತ್ತಾರೆ. ಬುಲೆಟ್ ಮೊದಲು ಅದನ್ನು ದಾಟಿ ಆಮೇಲೆ ಬ್ಯಾರೆಲ್ ಸೇರುತ್ತದೆ. ಥ್ರೋಟ್ ಸಣ್ಣದಿದ್ದು ಬ್ಯಾರೆಲ್ ದೊಡ್ಡದಿದ್ದರೆ ನೀವು ಎಷ್ಟೇ ದಪ್ಪ ಬುಲೆಟ್ ಹಾಕಿ, ಥ್ರೋಟ್ ಅದನ್ನು ಹಿಂಡಿ ಸಣ್ಣದು ಮಾಡಿಯೇ ಕಳಿಸುತ್ತದೆ. .45 ಕೋಲ್ಟ್‌ನ ಕೆಲವು ರೂಗರ್ ರಿವಾಲ್ವರ್‌ಗಳಲ್ಲಿ ಹೀಗೆ ಥ್ರೋಟ್ ಬಿಗಿಯಿರುವುದು ಎರಕದವರಿಗೆಲ್ಲ ಗೊತ್ತಿರುವ ವಿಷಯ. ಅಂಥ ಕಡೆ ಡೈ ಬದಲಿಸಿ ಪ್ರಯೋಜನವಿಲ್ಲ. ಗನ್‌ಸ್ಮಿತ್ ಹತ್ತಿರ ಕೊಟ್ಟು ಥ್ರೋಟ್ ರೀಮ್ ಮಾಡಿಸಬೇಕು, ಅಂದರೆ ತೂತು ಚೂರು ದೊಡ್ಡದು ಮಾಡಿಸಬೇಕು.

ಥ್ರೋಟ್‌ಗೆ ಒಂದು ಸುಲಭದ ಪರೀಕ್ಷೆ ಇದೆ. ಸಿಲಿಂಡರ್ ಬಿಚ್ಚಿ, ಸೈಜ್ ಆದ ಬುಲೆಟ್ ಒಂದನ್ನು ಮುಂದಿನಿಂದ ಥ್ರೋಟ್‌ಗೆ ಇಡಿ. ತಾನಾಗಿ ಜಾರಿ ಬಿದ್ದರೆ ಬುಲೆಟ್ ಸಣ್ಣದು. ಪೆನ್ಸಿಲ್‌ನಿಂದ ಸ್ವಲ್ಪ ಒತ್ತಿದಾಗ ಬಿಗಿಯಾಗಿ ಜಾರಿದರೆ ಸರಿ. ಸುತ್ತಿಗೆ ಬೇಕು ಅನ್ನಿಸಿದರೆ ದೊಡ್ಡದು. ಎಲ್ಲ ಆರು ತೂತಿಗೂ ಹೀಗೆ ಮಾಡಿ, ಏಕೆಂದರೆ ಒಂದೇ ಸಿಲಿಂಡರ್‌ನಲ್ಲಿ ಆರೂ ಒಂದೇ ಅಳತೆ ಇರುತ್ತವೆ ಅಂತ ಏನೂ ಇಲ್ಲ.

ಇಷ್ಟು ಹೇಳಿದ ಮೇಲೂ ಶುರು ಮಾಡಲು ಒಂದು ಅಂದಾಜು ಬೇಕಲ್ವಾ? 9 ಎಂಎಂಗೆ 0.356 ಅಥವಾ 0.357, .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್‌ಗೆ 0.358, .40 ಎಸ್ ಅಂಡ್ ಡಬ್ಲ್ಯೂಗೆ 0.401, .44 ಮ್ಯಾಗ್ನಮ್‌ಗೆ 0.430 (ಎಷ್ಟೋ ಗನ್‌ಗಳು 0.431, 0.432 ಕೇಳುತ್ತವೆ), .45 ಎಸಿಪಿಗೆ 0.452. ಈಗಿನ .45 ಕೋಲ್ಟ್‌ಗೂ 0.452 ಸಾಕು, ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಕೋಲ್ಟ್ ರಿವಾಲ್ವರ್ ಕೈಗೆ ಸಿಕ್ಕಿದ್ದರೆ ಅದು 0.454 ಬೇಡಬಹುದು. ಇವು ಅಂದಾಜು ಮಾತ್ರ. ಎರಡು ಅಳತೆಯ ನಡುವೆ ಅನುಮಾನವಿದ್ದರೆ ನಾನಂತೂ ದೊಡ್ಡದನ್ನೇ ಆರಿಸುತ್ತೇನೆ, ರೌಂಡ್ (ಕೇಸ್, ಬುಲೆಟ್ ಸೇರಿದ ಪೂರ್ತಿ ಗುಂಡು) ಚೇಂಬರ್‌ನಲ್ಲಿ ಸಲೀಸಾಗಿ ಕೂತರೆ ಸಾಕು. ಪಿಸ್ತೂಲಿನಲ್ಲಿ ಬ್ಯಾರೆಲ್ ಬಿಚ್ಚಿ, ಮದ್ದಾಗಲಿ ಅದನ್ನು ಹೊತ್ತಿಸುವ ಪ್ರೈಮರ್ ಆಗಲಿ ಇಲ್ಲದ ಡಮ್ಮಿ ರೌಂಡ್ ಒಳಗೆ ಬಿಡಿ. ಟಕ್ ಅಂತ ಪೂರ್ತಿ ಕೂರಬೇಕು, ತಲೆಕೆಳಗು ಮಾಡಿದರೆ ತಾನೇ ಬೀಳಬೇಕು.

ಮೋಲ್ಡ್, ಅಂದರೆ ಎರಕದ ಅಚ್ಚಿನ ಬಗ್ಗೆಯೂ ಒಂದು ಮಾತು. ಡೈ ಸಣ್ಣದು ಮಾಡುತ್ತದೆಯೇ ಹೊರತು ದೊಡ್ಡದು ಮಾಡುವುದಿಲ್ಲ. ನಿಮ್ಮ ಮೋಲ್ಡ್‌ನಿಂದ ಬುಲೆಟ್ 0.357 ಆಗಿ ಬೀಳುತ್ತಿದ್ದರೆ 0.358 ಡೈ ಸುಮ್ನೆ ಲೂಬ್ (ಬುಲೆಟ್ ಜಾರಲು ಹಚ್ಚುವ ಮೇಣ) ಹಚ್ಚುತ್ತದೆ ಅಷ್ಟೇ. ಹಾಗೇ 0.362 ಬೀಳುವುದನ್ನು 0.357ಕ್ಕೆ ಹಿಂಡಲೂ ಹೋಗಬೇಡಿ. ಎರಡು ಮೂರು ಥೌಗಿಂತ ಜಾಸ್ತಿ ಇಳಿಸಿದರೆ ಬುಲೆಟ್ಟಿನ ಸುತ್ತ ಲೂಬ್ ತುಂಬುವ ಗೀರು, ಅಂದರೆ ಲೂಬ್ ಗ್ರೂವ್, ಕಿರಿದಾಗುತ್ತದೆ, ಬುಲೆಟ್‌ನ ಆಕಾರವೂ ಕೆಡುತ್ತದೆ. ಇನ್ನು ಡೈ ಮೇಲೆ ಕೊರೆದಿರುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಆಂಟಿಮನಿ ಜಾಸ್ತಿ ಇರುವ ಗಟ್ಟಿ ಲೋಹ ಡೈನಿಂದ ಹೊರಬಂದ ಮೇಲೆ ಚೂರು ಹಿಗ್ಗುತ್ತದೆ, ಮೆತ್ತನೆಯದು ಹಿಗ್ಗುವುದಿಲ್ಲ. ಒಂದೇ ಡೈ, ಎರಡು ಲೋಹ, ಎರಡು ಅಳತೆ. ನೀವು ದಿನವೂ ಬಳಸುವ ಲೋಹದಲ್ಲೇ ಸೈಜ್ ಮಾಡಿ ಅಳೆದು, ಬಂದ ಅಳತೆಯನ್ನು ಮಾರ್ಕರ್‌ನಲ್ಲಿ ಡೈ ಡಬ್ಬದ ಮೇಲೆ ಬರೆದಿಡಿ. ಅರ್ಧ ಥೌ, ಒಂದು ಥೌ ಕಡಿಮೆ ಬಿದ್ದರೆ ಡೈ ಬಿಸಾಡಬೇಕಿಲ್ಲ. ಮರದ ಕಡ್ಡಿಗೆ 400, ಆಮೇಲೆ 600 ನಂಬರಿನ ವಾಟರ್ ಪೇಪರ್ ಸುತ್ತಿ, ಡ್ರಿಲ್ಲಿಗೆ ಸಿಕ್ಕಿಸಿ, ಎಣ್ಣೆ ಹಾಕಿ ಒಳಗೆ ಉಜ್ಜಿದರೆ ಡೈ ನಿಧಾನವಾಗಿ ದೊಡ್ಡದಾಗುತ್ತದೆ. ಮಧ್ಯೆ ಮಧ್ಯೆ ಬುಲೆಟ್ ಹಾಕಿ ಅಳೆಯುತ್ತಿರಿ. ದೊಡ್ಡದಾದ ಡೈ ಮತ್ತೆ ಸಣ್ಣದಾಗುವುದಿಲ್ಲ.

ಈಗ ಯಂತ್ರದ ವಿಷಯ. ಎರಡು ಜಾತಿ ಇವೆ, ಟಾಪ್ ಪಂಚ್ ಬೇಕೋ ಬೇಡವೋ ಅನ್ನುವುದು ಇದರ ಮೇಲೆಯೇ ನಿಂತಿದೆ. ಲೈಮನ್ 450, 4500 ಮತ್ತು ಆರ್‌ಸಿಬಿಎಸ್ ಲೂಬ್-ಎ-ಮ್ಯಾಟಿಕ್‌ನಂಥ ಲೂಬ್ರಿಸೈಜರ್‌ಗಳಲ್ಲಿ ಬುಲೆಟ್ಟಿನ ಬುಡ ಕೆಳಗೆ, ಮೂತಿ ಮೇಲೆ. ಹಿಡಿ ಎಳೆದರೆ ಟಾಪ್ ಪಂಚ್ ಮೂತಿಯ ಮೇಲೆ ಕೂತು ಬುಲೆಟ್ಟನ್ನು ಡೈ ಒಳಗೆ ಒತ್ತುತ್ತದೆ, ಡೈ ಗೋಡೆಯ ತೂತುಗಳಿಂದ ಲೂಬ್ ಗ್ರೂವ್‌ಗೆ ತುಂಬಿಕೊಳ್ಳುತ್ತದೆ, ಹಿಡಿ ಎತ್ತಿದಾಗ ಕೆಳಗಿನ ಪಿನ್ ಬುಲೆಟ್ಟನ್ನು ಮೇಲೆ ತಳ್ಳುತ್ತದೆ. ಈ ಎರಡು ಕಂಪನಿಗಳ ಡೈ ಮತ್ತು ಪಂಚ್ ಒಂದರದ್ದು ಇನ್ನೊಂದಕ್ಕೆ ಹೊಂದುತ್ತವೆ. ಸೇಕೋ ಡೈ ಬೇರೆ, ಅದನ್ನು ಇವುಗಳ ಜೊತೆ ಬೆರೆಸಲಾಗದು. ಎರಡನೇ ಜಾತಿ ಲೀ ಕಂಪನಿಯ ಪುಶ್-ಥ್ರೂ ಕಿಟ್, ಮತ್ತೆ ಸ್ಟಾರ್ ಯಂತ್ರ. ಇಲ್ಲಿ ಬುಲೆಟ್ ಮೂತಿ ಮುಂದಾಗಿ ಹೋಗುತ್ತದೆ, ಒತ್ತುವುದು ಚಪ್ಪಟೆ ಬುಡವನ್ನು. ಮೂತಿ ದುಂಡಗಿರಲಿ, ಚಪ್ಪಟೆ ಇರಲಿ, ಪಂಚ್‌ಗೆ ಏನೂ ಸಂಬಂಧವಿಲ್ಲ. ಒಂದೆರಡು ಕ್ಯಾಲಿಬರ್ ಮಾತ್ರ ಇರುವವರು, ಲೂಬ್ ಬದಲು ಪುಡಿ ಲೇಪಿಸಿ ಬೇಯಿಸುವ, ಅಂದರೆ ಪೌಡರ್ ಕೋಟ್ ಮಾಡುವವರು ಲೀ ಕಿಟ್ ತಗೊಂಡು ಆರಾಮಾಗಿ ಇರಬಹುದು. ಕೋಟಿಂಗ್ ಬುಲೆಟ್ಟನ್ನು ಒಂದೆರಡು ಥೌ ದಪ್ಪ ಮಾಡುತ್ತದೆ, ಆದ್ದರಿಂದ ಓವನ್‌ನಲ್ಲಿ ಬೇಯಿಸಿದ ಮೇಲೆ ಸೈಜ್ ಮಾಡಿ. ಆ ಓವನ್ ಮತ್ತೆ ಅಡುಗೆಮನೆಗೆ ಹೋಗಬಾರದು.

ಲೂಬ್ರಿಸೈಜರ್ ಇದ್ದವರಿಗೆ ಟಾಪ್ ಪಂಚ್ ದೊಡ್ಡ ತಲೆನೋವು. ಡೈ ಆರಿಸುವುದು ಗನ್ ನೋಡಿ, ಪಂಚ್ ಆರಿಸುವುದು ಬುಲೆಟ್ಟಿನ ಮೂತಿ ನೋಡಿ. ಒಂದೇ 0.358 ಡೈಗೆ ದುಂಡು ಮೂತಿಗೊಂದು, ತುದಿ ಚಪ್ಪಟೆಯಾಗಿ ಮೆಟ್ಟಿಲಿರುವ ಸೆಮಿ ವ್ಯಾಡ್‌ಕಟರ್‌ಗೊಂದು, ಮೂತಿ ಪೂರ್ತಿ ಚಪ್ಪಟೆಯಾದ ವ್ಯಾಡ್‌ಕಟರ್‌ಗೊಂದು ಪಂಚ್ ಬೇಕಾಗಬಹುದು. ಲೈಮನ್ ಮೋಲ್ಡ್ ಇದ್ದರೆ ಕೆಲಸ ಹಗುರ, ಮೋಲ್ಡ್ ನಂಬರಿನಲ್ಲೇ ಸುಳಿವಿದೆ. 429421 ಅನ್ನುವುದನ್ನು ನೋಡಿ: ಮೊದಲ ಮೂರು ಅಂಕಿ ಅಳತೆ, ಉಳಿದ ಮೂರು ವಿನ್ಯಾಸ, ಪಂಚ್ ನಂಬರ್ 421. ಅಮೆರಿಕದ ಗನ್ ಬರಹಗಾರ ಎಲ್ಮರ್ ಕೀತ್ .44 ಸ್ಪೆಷಲ್‌ಗಾಗಿ ರೂಪಿಸಿದ ಹಳೆಯ ವಿನ್ಯಾಸ ಅದು, ಇವತ್ತಿಗೂ ಜನ ಬಿಟ್ಟಿಲ್ಲ. ಅವರದ್ದೇ .38ರ 358429ಕ್ಕೆ 429 ಪಂಚ್. ಎಲ್ಲ ಮೋಲ್ಡ್‌ಗೂ ಕೊನೆಯ ಮೂರು ಅಂಕಿಯೇ ಪಂಚ್ ಅಂತ ತಿಳಿಯಬೇಡಿ, ಒಂದೇ ಪಂಚ್ ಹಲವು ಮೋಲ್ಡ್‌ಗೆ ನಡೆಯುವುದೂ ಉಂಟು. ಆರ್‌ಸಿಬಿಎಸ್‌ಗೆ ತನ್ನದೇ ನಂಬರ್. ಕೊಳ್ಳುವ ಮುಂಚೆ ಕಂಪನಿಯ ಪಟ್ಟಿ ನೋಡಿ.

ಪಂಚ್ ಹೊಂದದಿದ್ದರೆ ಏನಾಗುತ್ತದೆ? ಪಂಚ್ ತುದಿಯಲ್ಲಿ ಮೂತಿ ಕೂರುವ ಬಟ್ಟಲು ತೀರಾ ಕಿರಿದಾದರೆ ಅದರ ಅಂಚು ಮೂತಿಗೆ ಕಚ್ಚಿ ಉಂಗುರದ ಗುರುತು ಬೀಳುತ್ತದೆ. ಉಂಗುರ ತೆಳುವಾಗಿದ್ದರೆ ನೋಡಲು ಚೆನ್ನಾಗಿಲ್ಲ ಅನ್ನುವುದು ಬಿಟ್ಟರೆ ದೊಡ್ಡ ನಷ್ಟವಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಟ್ಟಲು ತೀರಾ ದೊಡ್ಡದಾದರೆ ನಿಜವಾದ ತೊಂದರೆ. ಮೂತಿ ಒಳಗೆ ಅತ್ತಿತ್ತ ಜಾರಿ ಬುಲೆಟ್ ವಾರೆಯಾಗಿ ಡೈ ಸೇರುತ್ತದೆ, ಒಂದು ಪಕ್ಕದಲ್ಲಿ ಸೀಸದ ಸಿಪ್ಪೆ ಏಳುತ್ತದೆ. ಬುಲೆಟ್ ಕೈಯಲ್ಲಿ ತಿರುಗಿಸಿ ನೋಡಿ: ಡೈ ಉಜ್ಜಿದ ಹೊಳಪು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ವಾರೆಯಾಗಿ ಹೋಗಿದೆ ಅಂತ ಅರ್ಥ. ಅಂಥ ಬುಲೆಟ್ ಗುರಿಗೆ ಹೋಗುವುದಿಲ್ಲ, ವಾಪಸ್ ಪಾತ್ರೆಗೆ ಹಾಕಿ ಕರಗಿಸಿ.

ಎಲ್ಲಕ್ಕೂ ಪಂಚ್ ಕೊಂಡು ದುಡ್ಡು ಸುರಿಯಬೇಕಿಲ್ಲ. ವ್ಯಾಡ್‌ಕಟರ್‌ಗೆ, ಅಗಲ ಚಪ್ಪಟೆ ಮೂತಿಯ ಬುಲೆಟ್ಟಿಗೆ ಒಂದು ಚಪ್ಪಟೆ ಪಂಚ್ ಸಾಕು. ಅದರಲ್ಲೂ ಇಳಿಸಬೇಕಾದ್ದು ಒಂದೇ ಥೌ ಇದ್ದರೆ ಒತ್ತಡವೇ ಕಡಿಮೆ. ದುಂಡು ಮೂತಿಗೆ ಮಾತ್ರ ಚಪ್ಪಟೆ ಬೇಡ, ತುದಿ ಜಜ್ಜುತ್ತದೆ. ಅದಕ್ಕೆ ಮನೆಯಲ್ಲೇ ಪಂಚ್ ಮಾಡಿಕೊಳ್ಳಬಹುದು. ಬೇಕಾದ್ದಕ್ಕಿಂತ ದೊಡ್ಡ ಬಟ್ಟಲಿನ ಹಳೇ ಪಂಚ್ ತಗೊಳ್ಳಿ, ಒಳಗೆ ಜಿಡ್ಡಿಲ್ಲದಂತೆ ಒರೆಸಿ. ಜೆಬಿ ವೆಲ್ಡ್ ತರಹದ ಎಪಾಕ್ಸಿ ಸ್ವಲ್ಪ ತುಂಬಿ. ಬುಲೆಟ್ಟಿನ ಮೂತಿಗೆ ತೆಳುವಾಗಿ ಗ್ರೀಸ್ ಅಥವಾ ಮೇಣ ಸವರಿ, ಬುಲೆಟ್ಟನ್ನು ಡೈ ಬಾಯಲ್ಲಿ ನೆಟ್ಟಗೆ ನಿಲ್ಲಿಸಿ, ಪಂಚ್‌ನ್ನು ಯಂತ್ರಕ್ಕೇ ಸಿಕ್ಕಿಸಿ ಮೆಲ್ಲಗೆ ಇಳಿಸಿ, ಹಾಗೇ ರಾತ್ರಿಯಿಡೀ ಬಿಡಿ. ಯಂತ್ರದಲ್ಲೇ ಗಟ್ಟಿಯಾಗುವುದರಿಂದ ಪಂಚ್ ಡೈಗೆ ನೇರವಾಗಿಯೇ ಕೂರುತ್ತದೆ. ಅಂಗಡಿಯ ಪಂಚ್‌ಗಿಂತ ಇದೇ ನನಗೆ ಇಷ್ಟ, ಏಕೆಂದರೆ ಇದು ನಿಮ್ಮದೇ ಮೋಲ್ಡ್‌ನ ಮೂತಿಗೆ ಹೊಂದುತ್ತದೆ.

ಆಳ ಸರಿ ಮಾಡುವುದು ಕೊನೆಯ ಕೆಲಸ. ಯಂತ್ರದ ಕೆಳಗಿರುವ ತಿರುಪು ತಿರುಗಿಸಿ, ಬುಲೆಟ್ಟಿನ ಲೂಬ್ ಗ್ರೂವ್ ಡೈನ ತೂತುಗಳ ಎದುರಿಗೆ ಬರುವಂತೆ ನಿಲ್ಲಿಸಿ. ಬುಡದ ಕೆಳಗೆ ಲೂಬ್ ಮೆತ್ತಿದ್ದರೆ ಒತ್ತಡ ಜಾಸ್ತಿಯಾಗಿದೆ ಅಥವಾ ಬುಡ ಪಿನ್ ಮೇಲೆ ಸರಿಯಾಗಿ ಕೂತಿಲ್ಲ. ಅದನ್ನು ಒರೆಸದೆ ಕೇಸಿಗೆ ಹಾಕಿದರೆ ಮದ್ದು ಕೆಡುತ್ತದೆ. ಅರ್ಧ ಜೇನುಮೇಣ, ಅರ್ಧ ಆಲಾಕ್ಸ್ ಎಂಬ ಜಿಡ್ಡು ಬೆರೆಸಿದ ಲೂಬ್ ಸಾಮಾನ್ಯ ಚಳಿಯಲ್ಲೂ ಹರಿಯುತ್ತದೆ. ಗಟ್ಟಿ ಲೂಬ್ ಆದರೆ ಯಂತ್ರದ ಕೆಳಗೆ ಹೀಟರ್ ಬೇಕು.

9 ಎಂಎಂನವರು ಇನ್ನೊಂದು ನೋಡಿಕೊಳ್ಳಲೇಬೇಕು. ಡೈ ಸರಿ, ಪಂಚ್ ಸರಿ, ಆದರೂ ಬ್ಯಾರೆಲ್ಲಿಗೆ ಸೀಸ ಮೆತ್ತುತ್ತದೆ. ಕಾರಣ ಕೇಸ್. 9 ಎಂಎಂ ಕೇಸ್ ಒಳಗೆ ಹೋದಂತೆ ಗೋಡೆ ದಪ್ಪವಾಗುತ್ತದೆ, ಕೇಸಿನ ಬಾಯಿ ಅಗಲಿಸುವ ಎಕ್ಸ್‌ಪ್ಯಾಂಡರ್ ಜಾಕೆಟ್ ಬುಲೆಟ್ಟಿನ ಅಳತೆಗೆ ಮಾಡಿದ್ದಾಗಿರುತ್ತದೆ, ಹಾಗಾಗಿ ಮೆತ್ತನೆಯ ಬುಲೆಟ್ಟನ್ನು ಕೇಸೇ ಹಿಂಡಿಬಿಡುತ್ತದೆ. ಡಮ್ಮಿ ರೌಂಡ್ ಒಂದನ್ನು ಮಾಡಿ, ಬುಲೆಟ್ ಪುಲ್ಲರ್‌ನಿಂದ ಕಿತ್ತು, ಬುಡ ಅಳೆಯಿರಿ. 0.357 ಹಾಕಿದ್ದು 0.355 ಆಗಿ ಬಂದರೆ ಹೊಸ ಡೈ ತರಿಸಬೇಡಿ, .38 ಎಸ್ ಅಂಡ್ ಡಬ್ಲ್ಯೂ ಎಕ್ಸ್‌ಪ್ಯಾಂಡರ್ ಹಾಕಿ ನೋಡಿ. ಕಾರ್ಬೈಡ್ ರಿಂಗ್ ಇರುವ ಕ್ರಿಂಪ್ ಡೈ (ಕೇಸಿನ ಬಾಯಿ ಬಿಗಿಯುವ ಡೈ) ಕೂಡ ಇದೇ ಕಿತಾಪತಿ ಮಾಡುತ್ತದೆ. ಗ್ಲಾಕ್ ಇದ್ದವರು ಕೈಪಿಡಿ ಓದಿ. ಅದರ ಪಾಲಿಗೋನಲ್ (ಒಳಗೆ ಚೂಪು ಗ್ರೂವ್ ಬದಲು ಬಹುಭುಜದ ಆಕಾರವಿರುವ) ಬ್ಯಾರೆಲ್ಲಿಗೆ ಸೀಸದ ಬುಲೆಟ್ ಬೇಡ ಅಂತ ಕಂಪನಿಯೇ ಹೇಳುತ್ತದೆ.

ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ, ಮಕ್ಕಳನ್ನು ಆ ಮೇಜಿನ ಹತ್ತಿರ ಬಿಡಬೇಡಿ.

ಹಳೆಯ ಡೈ, ಪಂಚ್ ಅಗ್ಗಕ್ಕೆ ಸಿಗುತ್ತವೆ, ಧಾರಾಳವಾಗಿ ಕೊಳ್ಳಿ. ಆದರೆ ಲೈಮನ್ 45 ಅನ್ನುವ ಹಳೆಯ ಯಂತ್ರದ ಕಾಲದ ಡೈ ಕಂಡರೆ ಡೈನ ಬಾಯಿಗೆ ಬೆರಳು ಹಾಕಿ ನೋಡಿ. ಅವುಗಳಲ್ಲಿ ಬುಲೆಟ್ ಒಳಗೆ ಹೋಗುವ ಕಡೆ ಚೂಪಾದ ಮೆಟ್ಟಿಲು ಇರುತ್ತದೆ, ಅದು ಬುಲೆಟ್ಟನ್ನು ಒತ್ತುವ ಬದಲು ಹೆರೆಯುತ್ತದೆ. ಈಗಿನ ಡೈಗಳಲ್ಲಿ ಆ ಜಾಗ ನಿಧಾನವಾಗಿ ಕಿರಿದಾಗುತ್ತಾ ಹೋಗುತ್ತದೆ. ಎರಡೂ ಅದೇ ಯಂತ್ರಕ್ಕೆ ಕೂರುವುದರಿಂದ ಕೇಳದೆ ಕೊಂಡರೆ ಯಾವುದು ಬರುತ್ತದೋ ಹೇಳಲಾಗದು, ಮಾರುವವರ ಹತ್ತಿರ ಬಾಯಿಯ ಫೋಟೋ ತರಿಸಿಕೊಳ್ಳಿ.