ಮಾಚಿಕಾಯಿ ಶಾಯಿ, ಒದ್ದೆ ಕಾಗದ: ಜೆಫರ್ಸನ್ ಕಾಲದ ಪತ್ರದ ನಕಲು ನಾನು ತೆಗೆದ ಬಗೆ

ಬರೆದ ಪತ್ರದ ಮೇಲೆ ಒದ್ದೆ ಕಾಗದ ಇಟ್ಟು ಒತ್ತಿ ನಕಲು ತೆಗೆಯೋದು ಮನೆಯಲ್ಲಿ ಆಗುವ ಕೆಲಸವಲ್ಲ ಅಂತ ನಮ್ಮ ಶಾಯಿ–ಲೇಖನಿ ಗೆಳೆಯರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೇಳಿದ್ದರು. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಸಲೀಸಾಗಿ ಓದಲು ಬರುವ ಹದಿನೈದಿಪ್ಪತ್ತು ನಕಲು ಈಗ ನನ್ನ ಕಪಾಟಿನಲ್ಲಿವೆ. ಶಾಯಿ ಕುದಿಸೋದು, ನಿಬ್ಬು ಪಳಗಿಸೋದು ನಿಮಗೆ ಗೊತ್ತಿರುವ ವಿಷಯ, ಅದನ್ನು ಬಿಟ್ಟು ಮುಂದಿನದನ್ನು ಹೇಳುತ್ತೇನೆ.

ನನ್ನನ್ನು ಇದಕ್ಕೆ ಎಳೆದದ್ದು ಬೆಂಜಮಿನ್ ಬ್ಯಾನೆಕರ್ ಬರೆದ ಪತ್ರ. ಬ್ಯಾನೆಕರ್ ಅಮೆರಿಕದ ಮೇರಿಲ್ಯಾಂಡಿನ ರೈತ, ಕಪ್ಪು ಜನಾಂಗದವರು, ಗ್ರಹಗತಿ ಲೆಕ್ಕವನ್ನು ತಾವೇ ಕಲಿತವರು. 1791ರ ಆಗಸ್ಟ್ 19ರಂದು ತಮ್ಮ ಪಂಚಾಂಗದ ಹಸ್ತಪ್ರತಿಯ ಜೊತೆ, ಆಗ ವಿದೇಶಾಂಗ ಮಂತ್ರಿಯಾಗಿದ್ದ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಸ್ವಾತಂತ್ರ್ಯ ಘೋಷಣೆಯಲ್ಲಿ ಮನುಷ್ಯರೆಲ್ಲ ಸಮಾನರು ಅಂತ ಬರೆದ ನೀವೇ ನಮ್ಮ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದೀರಲ್ಲ ಅಂತ ನೇರವಾಗಿ ಕೇಳಿದರು. ಜೆಫರ್ಸನ್ 30ನೇ ತಾರೀಖು ಉತ್ತರ ಕೊಟ್ಟರು. ಚಿಕ್ಕ ಪತ್ರ, ವಿನಯದ ಪತ್ರ, ಆದರೆ ಕೇಳಿದ್ದಕ್ಕೆ ಉತ್ತರ ಅದರಲ್ಲಿಲ್ಲ. ಪಂಚಾಂಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಕಾಂಡೊರ್ಸೆಗೆ ಕಳಿಸುತ್ತಿದ್ದೇನೆ ಅಂದರು. ಮುಂದಿನ ವರ್ಷ ಈ ಎರಡೂ ಪತ್ರ ಫಿಲಡೆಲ್ಫಿಯಾದಲ್ಲಿ ಕಿರುಹೊತ್ತಿಗೆಯಾಗಿ ಅಚ್ಚಾದವು. ದೊಡ್ಡವರು ದೊಡ್ಡವರಿಗೆ ಬರೆದ ರಾಶಿ ಪತ್ರಗಳಿಗಿಂತ ಈ ಜೋಡಿಯೇ ನನಗೆ ಜಾಸ್ತಿ ತೂಕದ್ದು.

ಹಾಗಾಗಿ ನನ್ನ ಪ್ರಯೋಗಕ್ಕೆಲ್ಲ ಜೆಫರ್ಸನ್ ಅವರ ಈ ಉತ್ತರವನ್ನೇ ನೋಡಿ ಬರೆದು ಒತ್ತಿದೆ. ಒಂದೇ ಪುಟದಲ್ಲಿ ಮುಗಿಯುತ್ತದೆ.

ಜೆಫರ್ಸನ್ ನಕಲಿಗೆ ಅಷ್ಟೊಂದು ಬೆಲೆ ಕೊಟ್ಟದ್ದು ಯಾಕೆ ಅನ್ನೋದು ಅವರ ಬದುಕು ನೋಡಿದರೆ ತಿಳಿಯುತ್ತದೆ. 1770ರಲ್ಲಿ ಅವರು ಹುಟ್ಟಿದ ಶ್ಯಾಡ್‌ವೆಲ್‌ನ ಮನೆ ಸುಟ್ಟು ಅವರ ಪುಸ್ತಕ, ಕಾಗದಪತ್ರ ಬೂದಿಯಾಗಿದ್ದವು. 1780ರಲ್ಲಿ ಜೇಮ್ಸ್ ವಾಟ್ ಹೀಗೆ ಒದ್ದೆ ಕಾಗದ ಒತ್ತಿ ನಕಲು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಹೌದು, ಉಗಿಯಂತ್ರದ ವಾಟ್ ಅವರೇ. ಫ್ರಾಂಕ್ಲಿನ್ ಬೇಗನೆ ತರಿಸಿಕೊಂಡರು, ಜೆಫರ್ಸನ್ 1785ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಕೊಂಡರು. ಮರುವರ್ಷ ಅವರ ಬಲಗೈ ಮಣಿಕಟ್ಟು ಮುರಿಯಿತು. ಆಗ ಗೆಳತಿ, ಚಿತ್ರಗಾರ್ತಿ ಮರಿಯಾ ಕಾಸ್ವೇಗೆ 4,000 ಪದ ದಾಟುವ ಪತ್ರವನ್ನು ಎಡಗೈಲಿ ಬರೆದರು. ಅದನ್ನು ಇನ್ನೊಂದು ಸಲ ಬರೆದು ನಕಲು ಇಟ್ಟುಕೊಳ್ಳುವ ಮಾತೆಲ್ಲಿ ಬಂತು? ಒತ್ತಿ ತೆಗೆದದ್ದಕ್ಕೇ ಅವರ ಹತ್ತಿರ ಉಳಿಯಿತು. ಜೀವಮಾನದಲ್ಲಿ ಅವರು ಬರೆದದ್ದು ಸುಮಾರು 19,000 ಪತ್ರ. ಕಳಿಸಿದ್ದು, ಬಂದದ್ದು ಎರಡನ್ನೂ 1783ರಿಂದ ಸಾಯುವ ಕೆಲವು ದಿನ ಮುಂಚಿನವರೆಗೆ ಪಟ್ಟಿ ಮಾಡಿಟ್ಟರು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಶಾಯಿಯ ಸಾಮಾನು ಗ್ರಂಧಿಗೆ ಅಂಗಡಿಯಲ್ಲೇ ಸಿಕ್ಕಿತು. ಕೂಸುಗಳಿಗೆ ತೇದು ಕೊಡುವ ಮಾಚಿಕಾಯಿ, ಅನ್ನಭೇದಿ ಅನ್ನುವ ಕಬ್ಬಿಣದ ಲವಣ, ಗೋಂದು. ಯುರೋಪಿನವರು ಸಿರಿಯಾದ ಅಲೆಪ್ಪೋದಿಂದ ತರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಕಾಯಿಯಿಂದ. ಕಾಲು ಕಿಲೋಗೆ 300 ಚಿಲ್ಲರೆ ಕೊಟ್ಟ ನೆನಪು. ಪ್ರೆಸ್ಸು ದುಬಾರಿ. ಅಂಗಡಿ ಮುಚ್ಚುತ್ತಿದ್ದ ಬೈಂಡಿಂಗ್‌ನವರೊಬ್ಬರಿಂದ ಕಬ್ಬಿಣದ ಸ್ಕ್ರೂ ಪ್ರೆಸ್ ತಗೊಂಡೆ, 5,000ದ ಆಸುಪಾಸು. ಆಟೋ ಬಾಡಿಗೆ ಬೇರೆ. ಮುಂದೆ 19ನೇ ಶತಮಾನದ ಕಚೇರಿಗಳಲ್ಲಿ ಪತ್ರದ ನಕಲಿಗೆ ಬಳಸಿದ್ದು ಇದೇ ತರಹದ ಪ್ರೆಸ್ಸು, ಆಮೇಲೆ ಅವು ಬೈಂಡಿಂಗ್ ಮೇಜು ಸೇರಿದವು. ವಾಟ್ ಮಾದರಿಯ ರೋಲರ್ ನೋಡೋಣ ಅಂತ ಲಟ್ಟಣಿಗೆಯಲ್ಲೂ ಉರುಳಿಸಿದೆ. ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರ ಜೋಡಿಜೋಡಿಯಾಗಿ ಬೀಳುತ್ತದೆ. ಅದು ಬೇಡ.

ದುಡ್ಡು ತಿಂದದ್ದು ಕಾಗದ. ನಕಲಿನ ಹಾಳೆ ತೆಳ್ಳಗಿರಬೇಕು, ಅದಕ್ಕೆ ಗಂಜಿ–ಅಂಟಿನ ಲೇಪ ಇರಬಾರದು, ನೆನೆದರೂ ಹರಿಯಬಾರದು. ಟ್ರೇಸಿಂಗ್ ಪೇಪರ್ ನೀರನ್ನೇ ಕುಡಿಯಲಿಲ್ಲ, ಬಟರ್ ಪೇಪರ್ ಅದಕ್ಕಿಂತ ಕಡೆ. ಗಾಳಿಪಟದ ಕಾಗದ ಬಣ್ಣ ಬಿಟ್ಟಿತು. ಚಪ್ಪಲಿ ಡಬ್ಬಿಯೊಳಗಿನ ಬಿಳಿ ಟಿಶ್ಯೂನಲ್ಲಿ ಮೊದಲ ಸಲ ಅಕ್ಷರದ ನೆರಳು ಕಂಡಿತು, ಆದರೆ ಎತ್ತುವಾಗ ಪತ್ರಕ್ಕೇ ಅಂಟಿ ಚೂರಾಯಿತು. ಕೊನೆಗೆ ಜಪಾನಿನ ಕೋಜೋ ಅನ್ನುವ ಗಿಡದ ನಾರಿನ ಕಾಗದ ತರಿಸಿದೆ, ಒಂದು ಹಾಳೆಗೆ 250 ರೂಪಾಯಿ. ಅದರಲ್ಲಿ ಹದ ಹಿಡಿದ ಮೇಲೆ, ಹತ್ತನೇ ಒಂದು ಬೆಲೆಗೆ ಅಷ್ಟೇ ಚೆನ್ನಾದ ನಮ್ಮ ದೇಶದ್ದೇ ಕೈಕಾಗದ ಸಿಕ್ಕಿತು. ಎಲ್ಲಿ ಅಂತ ಸದ್ಯಕ್ಕೆ ಹೇಳುವುದಿಲ್ಲ. ಅವರು ಮಾಡುವುದೇ ಸ್ವಲ್ಪ, ನನಗೆ ಇನ್ನೂ ಬೇಕು. ಎಲ್ಲ ಸೇರಿ ಖರ್ಚು 14–15 ಸಾವಿರ ಆಗಿರಬಹುದು, ಅದರಲ್ಲಿ ಅರ್ಧ ಹಾಳಾದ ಕಾಗದದ್ದು.

ಗೆಳೆಯರ ವಾದ ಹೀಗಿತ್ತು: ಮಾಚಿಕಾಯಿ ಶಾಯಿ ಒಣಗಿದ ಮೇಲೆ ನೀರಿಗೆ ಕರಗಲ್ಲ, ಇನ್ನು ನಕಲು ಎಲ್ಲಿಂದ ಬರಬೇಕು? ವಾರ ಕಳೆದ ಪತ್ರಕ್ಕೆ ಆ ಮಾತು ನಿಜ. ಆದರೆ ಹೊಸ ಶಾಯಿ ಪೂರ್ತಿ ಕಪ್ಪಾಗಿರುವುದಿಲ್ಲ. ಗಾಳಿ ತಾಗುತ್ತಾ ಕಪ್ಪಾಗುತ್ತದೆ, ಆಮೇಲೆ ಕಾಗದವನ್ನು ಬಿಡುವುದಿಲ್ಲ. ಆ ನಡುವಿನ ಹೊತ್ತೇ ನಮ್ಮದು. ವಾಟ್ ಕಾಲದಲ್ಲೂ ಒಂದು ದಿನದೊಳಗೆ ಒತ್ತಬೇಕು ಅನ್ನುವ ಲೆಕ್ಕವಿತ್ತು. ನನ್ನ ಕೈಯಲ್ಲಿ ಬರೆದ ಅರ್ಧ ಗಂಟೆಗೆ ಒತ್ತಿದರೆ ಕಲೆಸಿಹೋಗುತ್ತದೆ, ಮಾರನೇ ದಿನ ಒತ್ತಿದರೆ ಮಸುಕಾಗಿ ಬರುತ್ತದೆ. ಮೂರು ನಾಲ್ಕು ಗಂಟೆಗೆ ಒತ್ತಿದರೆ ಸರಿ. ಶಾಯಿಗೆ ಕಲ್ಲುಸಕ್ಕರೆ ಪುಡಿ ಬೀಳಬೇಕು, ಅದು ಶಾಯಿಯನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ಎಷ್ಟು, ಯಾವಾಗ ಹಾಕಬೇಕು ಅನ್ನೋದನ್ನು ನೀವೇ ಹುಡುಕಿಕೊಳ್ಳಿ, ನನಗೆ ಒಂದು ಮಳೆಗಾಲವೇ ಹಿಡಿಯಿತು.

ಒತ್ತುವ ಕ್ರಮ ಇಷ್ಟೇ. ತೆಳು ಹಾಳೆ ನೆನೆಸಿ, ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ನೀರು ತೆಗೀರಿ. ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಪತ್ರದ ಮೇಲೆ ಒಂದೇ ಸಲಕ್ಕೆ ಬಿಡಿ, ಮತ್ತೆ ಸರಿಸಬೇಡಿ. ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಸ್ಕ್ರೂ. ಒಂದು ನಿಮಿಷ ಸಾಕು. ಎತ್ತಿದಾಗ ಕಾಣುವ ಮುಖದಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಹಾಳೆ ಮಗುಚಿದರೆ ಹಿಂದಿನಿಂದ ನೇರ ಓದಬಹುದು, ಅದಕ್ಕೇ ತೆಳು ಕಾಗದ. ನನ್ನ ಮೊದಲ ಒಳ್ಳೆಯ ನಕಲು ಆ ಕ್ಷಣಕ್ಕೆ ನಸುಬೂದು ಬಣ್ಣದ್ದು, ಬ್ಯಾನೆಕರ್ ಅನ್ನುವ ಹೆಸರೊಂದೇ ದಪ್ಪಗೆ ಇತ್ತು. ಬೆಳಿಗ್ಗೆ ನೋಡಿದರೆ ಇಡೀ ಪುಟ ಕಪ್ಪೇರಿತ್ತು. ನಕಲಿನ ಮೇಲೂ ಶಾಯಿ ಗಾಳಿ ಕುಡಿದಿತ್ತು. ಆಗಲ್ಲ ಅಂದಿದ್ದ ಗೆಳೆಯರೊಬ್ಬರು ಮೂಲ, ನಕಲು ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ನನ್ನ ಹತ್ತಿರವೇ ಶಾಯಿ ಕೇಳಿ ತಗೊಂಡು ಹೋದರು.

ಇದರ ಜೊತೆಗೆ ಸುಮ್ನೆ ಬೇರೆಯದನ್ನೂ ಮಾಡಿ ನೋಡಿದೆ. ಮಾಚಿಕಾಯಿ ಬದಲು ಅಳಲೆಕಾಯಿ ಹಾಕಿದರೆ ಬರೆಯಲು ಸೊಗಸಾದ ಕಪ್ಪು ಸಿಗುತ್ತದೆ, ಆದರೆ ನಕಲು ಕೆಸರಾಗುತ್ತದೆ. ಲಕೋಟೆ ಇಲ್ಲದೆ ಮಡಚುವುದನ್ನೂ ಕಲಿತೆ. ಅಮೆರಿಕದ 1792ರ ಅಂಚೆ ಕಾಯ್ದೆಯ ಪ್ರಕಾರ ದರ ಹಾಳೆಯ ಲೆಕ್ಕದಲ್ಲಿತ್ತು. 30 ಮೈಲಿವರೆಗೆ ಹಾಳೆಗೆ 6 ಸೆಂಟ್, 450 ಮೈಲಿ ದಾಟಿದರೆ 25 ಸೆಂಟ್. ಲಕೋಟೆ ಹಾಕಿದರೆ ಅದೂ ಒಂದು ಹಾಳೆ, ಅಂದರೆ ದುಪ್ಪಟ್ಟು ದರ. ಅದಕ್ಕೇ ಪತ್ರವನ್ನೇ ಮಡಚಿ ಅರಗು ಹಾಕುತ್ತಿದ್ದರು. ಒಂದು ಎಚ್ಚರ: ಒತ್ತಿದ ಮೂಲ ಪತ್ರಕ್ಕೂ ತೇವ ತಾಗಿರುತ್ತದೆ. ಭಾರದ ಕೆಳಗೆ ಒಂದು ರಾತ್ರಿ ಇಟ್ಟು ಒಣಗಿಸಿ ಮಡಚಿ, ಇಲ್ಲದಿದ್ದರೆ ಅರಗು ಬಿಟ್ಟುಕೊಳ್ಳುತ್ತದೆ.

ಈಗ ಮನಸ್ಸಿರುವುದು ಪಾಲಿಗ್ರಾಫ್ ಮೇಲೆ. ಜೋಡಿಸಿದ ಎರಡು ಲೇಖನಿ, ಒಂದರಲ್ಲಿ ಬರೆದರೆ ಇನ್ನೊಂದು ಪಕ್ಕದ ಹಾಳೆಯಲ್ಲಿ ಅದನ್ನೇ ಬರೆಯುತ್ತದೆ. ಹಾಕಿನ್ಸ್ ಕಂಡುಹಿಡಿದದ್ದನ್ನು ಫಿಲಡೆಲ್ಫಿಯಾದ ಪೀಲ್ ತಯಾರಿಸುತ್ತಿದ್ದರು. ಜೆಫರ್ಸನ್ 1804ರಿಂದ ಪ್ರೆಸ್ಸು ಬಿಟ್ಟು ಇದಕ್ಕೇ ಅಂಟಿಕೊಂಡರು. 1812ರಲ್ಲಿ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್ ಜೊತೆ ಮತ್ತೆ ಶುರುವಾದ ಪತ್ರಗಳ ಹೊತ್ತಿಗೆ ಅವರ ಮೇಜಿನ ಮೇಲಿದ್ದದ್ದು ಇದೇ. ನಮ್ಮ ಬಡಗಿ 18,000 ಕೇಳಿದ್ದಾರೆ, ಕೀಲುಗಳ ಕೆಲಸ ಬೇರೆಯವರಿಂದ ಮಾಡಿಸಬೇಕು. 12,000ಕ್ಕೆ ಒಪ್ಪಿದರೆ ದಸರಾ ಕಳೆದ ಮೇಲೆ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಯಾರಿಗಾದರೂ ಒತ್ತಿ ನೋಡಬೇಕು ಅನ್ನಿಸಿದರೆ ಬನ್ನಿ, ಪ್ರೆಸ್ಸು ಖಾಲಿ ಇದೆ. ಪತ್ರ ಮಾತ್ರ ಅವತ್ತೇ ಬೆಳಿಗ್ಗೆ ಬರೆದದ್ದಾಗಿರಲಿ.