ಅಂಕಿತ ಸೇರಿಸುವ ಆಟ: ಮನೆಯಲ್ಲೇ ಮಾಡಿ, ಉಡುಗೊರೆ ಕೊಡಿ

ದಾವಣಗೆರೆಯಲ್ಲಿ ಗೃಹಪ್ರವೇಶಕ್ಕೆ ಗೋಡೆ ಗಡಿಯಾರ, ಮಕ್ಕಳ ಹುಟ್ಟುಹಬ್ಬಕ್ಕೆ ಕಂಪಾಸ್ ಬಾಕ್ಸ್. ಕೊಟ್ಟವರು ಯಾರು ಅಂತ ವಾರದಲ್ಲಿ ಮರೆತುಹೋಗುತ್ತದೆ. ಈ ಸಲ ವಚನಗಳಿಂದ ಒಂದು ಎಲೆಯಾಟ ಮಾಡಿ ಕೊಡಿ. ಎರಡು ಸಂಜೆ ಸಾಕು.

ಮೊದಲು ಹನ್ನೆರಡು ವಚನಕಾರರನ್ನು ಆರಿಸಿ. ಒಬ್ಬೊಬ್ಬರದು ಒಂದೊಂದು ವಚನ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಸುಮ್ನೆ ಬರೆದುಕೊಳ್ಳಬೇಡಿ. ಅಲ್ಲಿ ಯಾರದ್ದೋ ಮಾತಿಗೆ ಬಸವಣ್ಣನವರ ಹೆಸರು ಅಂಟಿರುತ್ತದೆ. ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿದೆ, ಗ್ರಂಥಾಲಯದಲ್ಲಿ ಕೇಳಿ. ಫೋನಿನಲ್ಲೇ ನೋಡುವುದಾದರೆ ನಮ್ಮ ಪಕ್ಕದ ಸಿರಿಗೆರೆ ತರಳಬಾಳು ಮಠ ರೂಪಿಸಿದ ವಚನ ಸಂಪುಟದ ಆ್ಯಪ್ ಇದೆ.

ಆಟದ ಜೀವ ಇರುವುದು ಅಂಕಿತದಲ್ಲಿ, ಅಂದರೆ ಇದು ಯಾರ ವಚನ ಅಂತ ಗುರುತಿಸಲು ವಚನದ ಕೊನೆಯಲ್ಲಿ ಬರುವ ಹೆಸರಿನಲ್ಲಿ. ಆದ್ದರಿಂದ ಒಂದನ್ನೊಂದು ಹೋಲುವ ಅಂಕಿತಗಳನ್ನೇ ಬೇಕಂತ ಆರಿಸಿ. ಬಸವಣ್ಣ ‘ಕೂಡಲಸಂಗಮದೇವ’, ಚೆನ್ನಬಸವಣ್ಣ ‘ಕೂಡಲಚೆನ್ನಸಂಗಮದೇವ’. ನಡುವೆ ಒಂದು ‘ಚೆನ್ನ’ ಅಷ್ಟೇ. ಮಲ್ಲಿಕಾರ್ಜುನರಂತೂ ಮೂವರು ಸಿಗುತ್ತಾರೆ: ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನ, ಮೋಳಿಗೆ ಮಾರಯ್ಯನ ನಿಃಕಳಂಕ ಮಲ್ಲಿಕಾರ್ಜುನ. ಅವಸರದಲ್ಲಿ ಓದಿದವರು ಇಲ್ಲೇ ಎಡವುತ್ತಾರೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತ ನನಗೆ ಬಹಳ ಇಷ್ಟ: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರೂ ದೇವರ ಹೆಸರೂ ಒಂದೇ ಉಸಿರಿನಲ್ಲಿ! ಅಂಬಿಗರ ಚೌಡಯ್ಯನದು ತನ್ನದೇ ಹೆಸರು. ಅಲ್ಲಮನ ಗುಹೇಶ್ವರ, ಜೇಡರ ದಾಸಿಮಯ್ಯನ ರಾಮನಾಥ ಮರೆಯಬೇಡಿ.

ಈಗ ಎಲೆ. ಎ4 ಅಳತೆಯ ದಪ್ಪ ಬಿಳಿ ಶೀಟ್ ಐದು ತನ್ನಿ. 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಒಂದು ಶೀಟಿಗೆ ಒಂಬತ್ತು ಎಲೆ. ನಾಲ್ಕು ಶೀಟಿಗೆ 36. ನಾನು ಮೊದಲ ಸಲ ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ್ದೆ. ಎರಡನೇ ಆಟಕ್ಕೇ ಮಕ್ಕಳು ಬೆನ್ನಿನ ಬಣ್ಣ ನೋಡಿ ಎಲೆ ಗುರುತು ಹಿಡಿದುಬಿಟ್ಟರು. ಎಲ್ಲ ಎಲೆಗಳ ಬೆನ್ನೂ ಒಂದೇ ಥರ ಇರಬೇಕು.

ಒಬ್ಬ ವಚನಕಾರರಿಗೆ ಮೂರು ಎಲೆ. ಒಂದರಲ್ಲಿ ವಚನದ ಮೊದಲ ಸಾಲು, ಇನ್ನೊಂದರಲ್ಲಿ ಕೆಂಪು ಶಾಯಿಯಲ್ಲಿ ಅಂಕಿತ, ಮೂರನೆಯದರಲ್ಲಿ ಹೆಸರು ಮತ್ತು ಚಿಕ್ಕ ಚಿತ್ರ. ಚೌಡಯ್ಯನಿಗೆ ದೋಣಿ, ದಾಸಿಮಯ್ಯನಿಗೆ ಮಗ್ಗ, ಲಕ್ಕಮ್ಮನಿಗೆ ಅಕ್ಕಿ ತುಂಬಿದ ಮೊರ, ಮೋಳಿಗೆ ಮಾರಯ್ಯನಿಗೆ ಕಟ್ಟಿಗೆ ಹೊರೆ. ಕೈಬರಹದಲ್ಲೇ ಬರೆಯಿರಿ. ಪ್ರಿಂಟ್ ಹಾಕಿಸಿದರೆ ಚೆಂದ ಕಾಣಬಹುದು, ಆದರೆ ಇದು ನೀವು ಬರೆದುಕೊಟ್ಟದ್ದು ಅನ್ನುವುದು ಹೋಗುತ್ತದೆ.

ಆಡುವುದು ರಮ್ಮಿಯ ಹಾಗೆ. ನಾಲ್ವರಿಗೆ ಆರಾರು ಎಲೆ, ಉಳಿದ ಹನ್ನೆರಡು ನಡುವೆ. ಒಂದು ಎತ್ತಿ, ಒಂದು ಬಿಡಿ. ಒಬ್ಬ ವಚನಕಾರರ ಮೂರೂ ಎಲೆ ಸೇರಿದರೆ ಒಂದು ಸೆಟ್. ಅಂಥ ಎರಡು ಸೆಟ್ ಮೊದಲು ಕೂಡಿಸಿದವರು ಗೆದ್ದರು. ಆದರೆ ಸೆಟ್ ಇಳಿಸುವಾಗ ಆ ಎರಡೂ ವಚನಗಳನ್ನು ಜೋರಾಗಿ ಪೂರ್ತಿ ಹೇಳಬೇಕು. ಈ ನಿಯಮವನ್ನು ಮಾತ್ರ ಸಡಿಲ ಬಿಡಬೇಡಿ.

ಪೂರ್ತಿ ವಚನ ಎಲ್ಲಿ ಕಲಿಯುವುದು? ಅದಕ್ಕೇ ಜೊತೆಗೊಂದು ಕಿರುಪುಸ್ತಕ. ಏಳು ಎ4 ಹಾಳೆ ಒಟ್ಟಿಗೆ ಅರ್ಧಕ್ಕೆ ಮಡಚಿದರೆ 28 ಪುಟ. ಮೊದಲ ಪುಟಕ್ಕೆ ಹೆಸರು. ಆಮೇಲೆ ಎಡಪುಟದಲ್ಲಿ ವಚನ, ಬಲಪುಟದಲ್ಲಿ ಕಷ್ಟದ ಪದಗಳ ಅರ್ಥ. ಆ ಲಗ್ನಪತ್ರಿಕೆಗಳು ರಕ್ಷಾಪುಟಕ್ಕಾಗುತ್ತವೆ. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ. ದಾರವನ್ನು ನಡುವಿನ ತೂತಿನಿಂದ ಹೊರಗೆ ತನ್ನಿ, ಮೇಲಿನದರಲ್ಲಿ ಒಳಕ್ಕೆ, ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ. ಎಳೆದು ಗಂಟು ಹಾಕಿ.

ಐದನೇ ಶೀಟಿನ ಒಂಬತ್ತು ಎಲೆಗಳನ್ನು ಖಾಲಿ ಬಿಟ್ಟೇ ಡಬ್ಬಿಗೆ ಹಾಕಿ. ಮಂಡಕ್ಕಿ-ಮಿರ್ಚಿ ತಿಂದ ಕೈಗಳಲ್ಲಿ ಒಂದೆರಡು ಎಲೆ ಹಾಳಾಗೇ ಆಗುತ್ತವೆ. ಮಿಕ್ಕವಕ್ಕೆ ಆ ಮನೆಯವರು ತಮಗೆ ಬೇಕಾದ ವಚನ ಬರೆದುಕೊಳ್ಳಲಿ.